ಗೋಲ್‌ಕೀಪರುಗಳ ಮೇಲೆ ಕೇಸು

ನನ್ನ ಸೋದರಮಾವ ಬೀಗ ರಿಪೇರಿಯವನು. ಡ್ರೈಕ್ಲೀನಿಂಗ್ ಅಂಗಡಿಗೂ ಪಕ್ಕದ ಕಟ್ಟಡದ ಮೆಟ್ಟಿಲಿಗೂ ನಡುವೆ, ಒಬ್ಬ ಮನುಷ್ಯ ಅಡ್ಡ ತಿರುಗಿ ನಿಂತರೆ ಮಾತ್ರ ಹಿಡಿಸುವಷ್ಟು ಒಂದು ಸಂದು ಉಳಿದಿತ್ತು. ಅಂಥದ್ದೊಂದು ಜಾಗ ಇದೆಯೆಂಬುದನ್ನೇ ಕಟ್ಟಡದ ಯಜಮಾನ ಮರೆತಿದ್ದ. ಮಾವ ನೆನಪಿಸಿದ, ಬಾಡಿಗೆಗೆ ಹಿಡಿದ, ಅಡ್ಡ ತಿರುಗಿ ನಿಂತ, ಹಾಗೆಯೇ ನೆಲೆ ನಿಂತ. ಒಳಗೆ ಒಂದು ಎತ್ತರದ ಸ್ಟೂಲು, ಕೀಲಿ ಕೊರೆಯುವ ಮೆಷಿನು, ಅರಗಳನ್ನು ನಿಲ್ಲಿಸಿಟ್ಟ ತಗಡಿನ ಡಬ್ಬ, ಗೋಡೆಯ ಉದ್ದಕ್ಕೂ ಮೊಳೆಗಳಿಗೆ ತೂಗುಬಿಟ್ಟ ಹೊಸ ಕೀಲಿಗಳು. ಹೊಸ ಕೀಲಿಗೆ ಹಲ್ಲಿರುವುದಿಲ್ಲ, ಅಂಚು ನುಣ್ಣಗಿರುತ್ತದೆ. ಗಿರಾಕಿಯ ಕೀಲಿ ನೋಡಿಕೊಂಡು ಕೊರೆದಾಗಲೇ ಹಲ್ಲು ಮೂಡುವುದು. ಹಾಗೆ ಹಲ್ಲು ಮೂಡದ ಕೀಲಿಗೆ ಮಾವ ಇಟ್ಟ ಹೆಸರು ‘ಬೊಚ್ಚು’.

“ಹಲ್ಲಿನ ಡಾಕ್ಟ್ರು ಇರೋದನ್ನ ಕಿತ್ತು ಹೆಸರು ಮಾಡ್ತಾರೆ. ನಾನು ಇಲ್ಲದ್ದನ್ನ ಹುಟ್ಟಿಸಿದ್ರೂ ‘ಬೀಗದವನೇ’ ಅಂತಾರೆ ಜನ,” ಎಂದು ಅವನ ದೂರು.

ಅವನ ಹತ್ತಿರ ಬರುವವರೆಲ್ಲ ಸಿಟ್ಟಿನಲ್ಲೇ ಬರುವವರು. ಕೀಲಿ ಒಳಗಿಟ್ಟು ಬಾಗಿಲೆಳೆದುಕೊಂಡವರು, ಕೀಲಿ ಮುರಿದವರು, ಕೀಲಿಯನ್ನು ಹೆಂಡತಿ ಕಳೆದಳೆಂದು ಗಂಡ, ಗಂಡ ಕಳೆದನೆಂದು ಹೆಂಡತಿ. ಎಲ್ಲರೂ ಬೈಯುವುದು ಮಾತ್ರ ಬೀಗವನ್ನು. ಮಾವ ಬೀಗದ ಪರ ವಕೀಲ. “ಮುಚ್ಕೋ ಅಂದ್ರಿ, ಮುಚ್ಕೊಂಡಿತು. ಹೇಳಿದ ಮಾತು ಕೇಳೋದು ನಿಮ್ಮನೇಲಿ ಅದೊಂದೇ ಇರಬೇಕು. ಅದನ್ಯಾಕೆ ಬೈತೀರಿ?”

ಇಂಥ ಮನುಷ್ಯನಿಗೆ ಇದ್ದದ್ದು ಒಂದೇ ಹುಚ್ಚು: ಗೋಲ್‌ಕೀಪರುಗಳ ಕಾರ್ಡು ಸಂಗ್ರಹಿಸುವುದು.

ಅವನ ಬಾಲ್ಯದಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣದೊಳಗೆ ಫುಟ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡು ಬರುತ್ತಿತ್ತು. ಹುಡುಗರು ಗಮ್ಮು ಉಗಿದ ಮೇಲೂ ಕಾರ್ಡು ಉಳಿಸಿಕೊಂಡು ಒಬ್ಬರಿಗೊಬ್ಬರು ಅದಲು ಬದಲು ಮಾಡುತ್ತಿದ್ದರು. ಗೋಲು ಹೊಡೆಯುವವರ ಕಾರ್ಡಿಗೆ ಜಗಳ, ಕಚ್ಚಾಟ. ಕೀಪರುಗಳ ಕಾರ್ಡು ಯಾರಿಗೂ ಬೇಡ. ಸೈಕಲ್ಲಿನ ಕಡ್ಡಿಗೆ ಸಿಕ್ಕಿಸಿ ‘ಟರ್‌ರ್’ ಎಂದು ಮೋಟಾರಿನ ಸದ್ದು ಬರಿಸುವುದಕ್ಕಷ್ಟೇ ಅವು ಲಾಯಕ್ಕು. ಮಾವ ಆ ಸೈಕಲ್ಲುಗಳ ಹಿಂದೆ ಓಡಿ ಓಡಿ ಕೀಪರುಗಳನ್ನು ಬಿಡಿಸಿ ತಂದ. ದೊಡ್ಡವನಾದ ಮೇಲೂ ಬಿಡಲಿಲ್ಲ. ಭಾನುವಾರದ ಬೆಳಿಗ್ಗೆ ಟೈರಿನಂಗಡಿಯ ಹಿಂದಿನ ಶೆಡ್ಡಿನಲ್ಲಿ ಕಾರ್ಡಿನ ಹುಚ್ಚರು ಸೇರುತ್ತಾರೆಂದು ತಿಳಿದು, ಅಲ್ಲಿಗೂ ಹೋಗಿ ಕೀಪರುಗಳನ್ನೇ ಹೆಕ್ಕಿಕೊಂಡು ಬರುತ್ತಿದ್ದ.

“ಗೋಲು ಹೊಡೆಯೋನು ಒಂದು ಹೊಡೆದ್ರೆ ಸಾಕು, ಸಾಯೋವರೆಗೂ ಅದೇ ಮಾತು. ಕೀಪರ್ ನೂರು ತಡೀಲಿ, ಬಿಟ್ಟ ಒಂದರದ್ದೇ ಮಾತು. ಬೀಗದ ಹಣೇಬರಹಾನೂ ಅಷ್ಟೇ ಅಲ್ವಾ? ಕಳ್ಳ ಬಂದ ದಿನ ಬಿಟ್ರೆ ಇನ್ಯಾವತ್ತು ನೀವು ಬೀಗಾನ ನೆನೆಸ್ಕೊಂಡಿದ್ದೀರಿ?”

ಕಾರ್ಡಿನ ಮೇಲೆ ಆಟಗಾರರ ಹೆಸರು ಅಚ್ಚಾಗಿರುತ್ತಿತ್ತು. ಮಾವನಿಗೆ ಅದರ ಗೊಡವೆಯಿಲ್ಲ, ಅವನೇ ಹೊಸದಾಗಿ ಹೆಸರಿಡುತ್ತಿದ್ದ. ಚಾಚಿ ಹಾರಿದವನು ‘ಉದ್ದಣ್ಣ’. ಚೆಂಡನ್ನು ಎದೆಗವಚಿಕೊಂಡವನು ‘ಜಿಗಣೆ’. ಹೊಟ್ಟೆಯಿಂದಲೇ ಗೋಲು ಮುಚ್ಚಬಲ್ಲವನು ‘ಹಿಟ್ಟಿನ ಮೂಟೆ’. ಎಲ್ಲರೂ ಒಂದು ಬಿಸ್ಕತ್ತಿನ ಡಬ್ಬದಲ್ಲಿ, ಮೈಮೇಲೆ ಏನೂ ಇಲ್ಲದೆ, ಒತ್ತೊತ್ತಾಗಿ ನಿಂತಿರುತ್ತಿದ್ದರು. ಊಟವಾದ ಮೇಲೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾವ ಸ್ಟೂಲಿನ ಮೇಲೆ ಕೂತು ಡಬ್ಬ ತೆರೆಯುತ್ತಿದ್ದ. ಒಬ್ಬೊಬ್ಬರನ್ನೇ ಎತ್ತಿ, ಹೆಬ್ಬೆರಳಿನಿಂದ ಅಂಚು ಸವರಿ, ಮತ್ತೆ ಇಡುತ್ತಿದ್ದ. ಡ್ರೈಕ್ಲೀನಿಂಗಿನವನು ಅದಕ್ಕೆ “ಹಾಜರಿ ತಗೊಳ್ತಾ ಇದಾನೆ” ಎನ್ನುತ್ತಿದ್ದ.

ಮಾವನ ಕಣ್ಣು ಕೈಕೊಟ್ಟದ್ದನ್ನು ಮೊದಲು ಕಂಡುಹಿಡಿದವನೂ ಆ ಡ್ರೈಕ್ಲೀನಿಂಗಿನವನೇ. ಒಂದು ಮಧ್ಯಾಹ್ನ ಇಸ್ತ್ರಿಯಾದ ಕಪ್ಪು ಕೋಟೊಂದನ್ನು ಅವನು ತನ್ನ ಬಾಗಿಲ ಪಕ್ಕ ತೂಗುಹಾಕಿದ್ದ. ಮಾವ ಅದರ ಕಡೆಗೆ ಬಾಗಿ ಬಹಳ ವಿನಯದಿಂದ, “ಏನ್ ಸಾರ್, ಯಾವ ಬೀಗ?” ಎಂದು ಕೇಳಿದ. ಕೋಟು ಉತ್ತರಿಸಲಿಲ್ಲ. ಮಾವ ಮತ್ತೆ, “ನಿಧಾನವಾಗಿ ಯೋಚನೆ ಮಾಡಿ ಹೇಳಿ, ಪರವಾಗಿಲ್ಲ,” ಅಂದ.

ಅತ್ತೆಗೆ ಸುದ್ದಿ ಮುಟ್ಟಿತು. ಮಾವ ಎಷ್ಟೋ ದಿನದಿಂದ ಮುಖಗಳನ್ನು ಬಿಟ್ಟು ಧ್ವನಿಗಳ ಆಧಾರದ ಮೇಲೆ ಸಂಸಾರ ಮಾಡುತ್ತಿದ್ದನೆಂಬುದು ಹೊರಬಿತ್ತು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ನೋಟದ ನಡುಭಾಗ ಅಳಿಸಿಹೋಗುತ್ತಿದೆ, ಅಂಚು ಮಾತ್ರ ಉಳಿದಿದೆ ಎಂದರು. ಹೋದದ್ದು ಬರುವುದಿಲ್ಲ, ಇಂಜೆಕ್ಷನ್ ಕೊಟ್ಟು ಇರುವುದನ್ನು ಉಳಿಸಿಕೊಳ್ಳಲು ನೋಡೋಣ, ಅದಕ್ಕೂ ಖಾತ್ರಿ ಕೊಡಲಾರೆ ಎಂದೂ ಸೇರಿಸಿದರು.

ನಾನು ನೋಡಲು ಹೋದಾಗ ಮಾವ ವಿವರಿಸಿದ. “ನೀನು ಎದುರಿಗೆ ಬಂದ್ರೆ ಎರಡೂ ಕಿವಿ ಚೆನ್ನಾಗಿ ಕಾಣುತ್ವೆ. ಮಧ್ಯದಲ್ಲಿ ಮುಖ ಇರಬೇಕಾದ ಕಡೆ ಯಾರೋ ಎಣ್ಣೆ ಕೈಯಲ್ಲಿ ಹೆಬ್ಬೆಟ್ಟು ಒತ್ತಿದ ಹಾಗಿದೆ. ನಿನ್ನ ವಿಷಯದಲ್ಲಿ ಅಂಥಾ ನಷ್ಟ ಏನಿಲ್ಲ ಬಿಡು.”

“ಕೆಲಸ?”

“ಕೀಲಿ ಕೊರೆಯೋಕೆ ಕಣ್ಣು ಯಾಕೋ? ಬೆರಳು ಓದುತ್ತೆ, ಕಿವಿ ತಿದ್ದುತ್ತೆ.”

“ಕಾರ್ಡು?”

ಮಾವ ಬಿಸ್ಕತ್ತಿನ ಡಬ್ಬವನ್ನು ತೊಡೆಯ ಮೇಲೆಳೆದುಕೊಂಡ. ಆಮೇಲೆ ಡಬ್ಬದಿಂದ ಒಂದನ್ನು ಎಳೆದು, ಸೂರು ನೋಡುತ್ತ, ಹೆಬ್ಬೆರಳು ಓಡಿಸಿದ. “ಮಧ್ಯದಲ್ಲಿ ಮಡಿಕೆ. ಸೈಕಲ್ ಕಡ್ಡಿ ಹೊಡೆದದ್ದು. ಉದ್ದಣ್ಣ.” ಇನ್ನೊಂದನ್ನು ತೆಗೆದ. “ಬೆನ್ನಿಗೆ ಗಮ್ಮು ಅಂಟಿ ಕಲ್ಲಾಗಿದೆ. ಜಿಗಣೆ.” ಮತ್ತೊಂದು. “ಟೀ ಬಿದ್ದು ಊದಿಕೊಂಡಿದೆ. ಮೊದಲೇ ಹಿಟ್ಟಿನ ಮೂಟೆ, ಮೇಲೆ ಟೀ ಬೇರೆ ಕುಡಿದ.” ಅಂಗೈಯಲ್ಲಿ ಗುಂಡುಪಿನ್ನಿನ ತೂತಿದ್ದವನು ‘ತೂತುಗೈ’. ಕೆಳಗಿನ ಮೂಲೆಯೇ ಇಲ್ಲದೆ, ಬಲಗಾಲಿನ ಬೂಟು ಪೂರಾ ಮಾಯವಾಗಿದ್ದವನು ‘ಒಂಟಿಬೂಟು’. ಅವನನ್ನು ಮಾವ ತುಸು ಹೆಚ್ಚು ಹೊತ್ತು ಹಿಡಿದಿದ್ದ. “ಇಲಿ ತಿಂದದ್ದು,” ಅಂದ. ಅಡುಗೆಮನೆಯಿಂದ ಅತ್ತೆ ಏನೋ ಹೇಳಲು ಬಾಯಿ ತೆರೆದು, ನಕ್ಕು, ಒಳಗೆ ಹೋದಳು.

ಒಟ್ಟಿನಲ್ಲಿ ಮಾವನ ಲೆಕ್ಕಾಚಾರ ಸರಿಯಾಗಿತ್ತು. ಮುಖ ಹೋಗಲಿ, ಗಾಯ ಉಳಿದರೆ ಗುರುತು ಸಿಗುತ್ತದೆ.

ಈಗ ಅವನ ಮಗಳ ವಿಷಯ. ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬಾಗಿಲ ಹಿಡಿಕೆ, ಟೇಬಲ್ಲು, ಸೇಬು, ಕೆಲವೊಮ್ಮೆ ನೆಂಟರ ಮಕ್ಕಳು, ಕಂಡದ್ದನ್ನೆಲ್ಲ ಸ್ಪಿರಿಟ್ ಹಾಕಿ ಒರೆಸುವುದರಿಂದ ಮನೆಯಲ್ಲಿ ಅವಳ ಹೆಸರು ‘ಸ್ಪಿರಿಟ್ಟು’. ಹುಡುಗಿಯಲ್ಲಿ ಸ್ಪಿರಿಟ್ಟು ಇರಬೇಕು ಎನ್ನುತ್ತಾರಲ್ಲ, ಇವಳಲ್ಲಿ ಬಾಟಲಿಯಲ್ಲೇ ಇತ್ತು. ಲ್ಯಾಬಿನ ಶಿಸ್ತು ಅವಳ ರಕ್ತಕ್ಕೆ ಇಳಿದಿತ್ತು. ಅಲ್ಲಿ ಎಲ್ಲ ಗಾಜಿನ ಸ್ಲೈಡೂ ಒಂದೇ ಅಳತೆ, ಎಲ್ಲ ಕೊಳವೆಯೂ ಒಂದೇ ಉದ್ದ, ಯಾವುದೂ ಯಾವುದಕ್ಕೂ ತಾಗಬಾರದು. ವಸ್ತು ಬದಲಾಗಬಹುದು, ಪಾತ್ರೆ ಬದಲಾಗಬಾರದು. ಪ್ರೀತಿಯನ್ನು ಕೆಲವರು ಬಾಯಿಬಿಟ್ಟು ಹೇಳುತ್ತಾರೆ. ಇವಳು ಮುಚ್ಚಳ ಹಾಕಿ ತೋರಿಸುವವಳು.

ಇಂಜೆಕ್ಷನ್ನಿಗೆಂದು ಮಾವ ಕೆಲವು ದಿನ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು. ಆ ಹೊತ್ತಿನಲ್ಲಿ ಸ್ಪಿರಿಟ್ಟು ಬಿಸ್ಕತ್ತಿನ ಡಬ್ಬ ಎತ್ತಿಕೊಂಡು, ಇಂಥ ಆಟಗಾರರ ಕಾರ್ಡುಗಳನ್ನೇ ಮಾರುವ ಅಂಗಡಿಗೆ ಹೋದಳು. ಅಂಗಡಿಯವನು ಕೈಗವಸು ಹಾಕಿಕೊಂಡು ಕಾರ್ಡನ್ನು ಹೆರಿಗೆ ವಾರ್ಡಿನ ದಾದಿಯ ಹಾಗೆ ಎತ್ತುವ ಮನುಷ್ಯ. ಡಬ್ಬದೊಳಗೆ ಇಣುಕಿ ಅವನು ಎದೆ ಹಿಡಿದುಕೊಂಡ.

“ಬರೀ ಮೈಯಲ್ಲಿ ಇಟ್ಟಿದ್ದೀರಲ್ಲಮ್ಮಾ! ಅಂಚೆಲ್ಲ ಬೆಳ್ಳಗಾಗಿ ಸವೆದುಹೋಗಿದೆ. ಯಾರೋ ದಿನಾ ಉಜ್ಜಿದ್ದಾರೆ.”

“ನಮ್ಮಪ್ಪ.”

“ನಿಲ್ಲಿಸಿ ಅವರನ್ನ.”

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಹೆಬ್ಬೆರಳು ಅಂಚನ್ನು ಓದುವುದೂ ಹೌದು, ತಿನ್ನುವುದೂ ಹೌದು. ಸ್ಪಿರಿಟ್ಟು ಅಂಗಡಿಯಲ್ಲಿದ್ದ, ಕಾರ್ಡಿಗೊಂದರಂತೆ ತೊಡಿಸುವ ಪ್ಲಾಸ್ಟಿಕ್ ಕೇಸುಗಳಲ್ಲಿ ಅತ್ಯುತ್ತಮವಾದುದನ್ನೇ ಆರಿಸಿದಳು: ದಪ್ಪ, ಪಾರದರ್ಶಕ, ಬಿಸಿಲಿಗೆ ಬಣ್ಣ ಮಾಸಗೊಡದ, ಎರಡು ಹೋಳುಗಳು ಅಯಸ್ಕಾಂತದಿಂದ ‘ಟಪ್’ ಎಂದು ಕಚ್ಚಿಕೊಳ್ಳುವ ಕೇಸು. ಎಲ್ಲರಿಗೂ ಒಂದೇ ಅಳತೆ, ಒಂದೇ ನುಣುಪು. ಎಲ್ಲವೂ ಸಾಲಾಗಿ ಒಂದು ಬಿಳಿ ಪೆಟ್ಟಿಗೆಯಲ್ಲಿ ನಿಂತವು. ಮೂಲೆಯಿಲ್ಲದ ಒಂಟಿಬೂಟನ್ನು ನೋಡಿ ಅಂಗಡಿಯವನು, “ಇದಕ್ಕೆ ಕೇಸ್ ದಂಡ. ಇದು ಕಾರ್ಡಲ್ಲ, ಕಾರ್ಡಿನ ನೆನಪು,” ಅಂದ. ಅವಳು ಅದನ್ನೊಂದು ಕವರಿಗೆ ಹಾಕಿ ಬ್ಯಾಗಿನ ಒಳಜೇಬಿಗೆ ಸೇರಿಸಿದಳು. ಎಸೆಯಲಿಲ್ಲ; ಲ್ಯಾಬಿನವರು ಕೆಟ್ಟ ಸ್ಯಾಂಪಲ್ಲನ್ನೂ ಎಸೆಯುವುದಿಲ್ಲವಂತೆ.

ಮಾವ ಮನೆಗೆ ಬಂದ ದಿನ ನಾನೂ ಇದ್ದೆ. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಟೀ.

“ಅಪ್ಪಾ, ನೋಡು!” ಎಂದು ಸ್ಪಿರಿಟ್ಟು ಬಿಳಿ ಪೆಟ್ಟಿಗೆಯನ್ನು ಅವನ ತೊಡೆಯ ಮೇಲಿಟ್ಟಳು. ತಕ್ಷಣ ನಾಲಿಗೆ ಕಚ್ಚಿಕೊಂಡು, “ಅಂದ್ರೆ... ಮುಟ್ಟಿ ನೋಡು,” ಅಂದಳು.

ಅವಳು ಅಷ್ಟು ಪೇಚಾಡಬೇಕಿರಲಿಲ್ಲ. ನಮ್ಮ ಭಾಷೆ ನೋಡುವ ಕೆಲಸವನ್ನು ಕಣ್ಣೊಂದಕ್ಕೇ ಗುತ್ತಿಗೆ ಕೊಟ್ಟಿಲ್ಲ. ಮುಟ್ಟಿ ನೋಡು, ಮೂಸಿ ನೋಡು, ರುಚಿ ನೋಡು, ಕೇಳಿ ನೋಡು. ಕಣ್ಣು ರಜೆ ಹಾಕಿದರೆ ಉಳಿದವರು ಆಫೀಸು ನಡೆಸಲಿ ಎಂಬ ಏರ್ಪಾಡು.

ಮಾವ ಮುಟ್ಟಿ ನೋಡಿದ. ಒಂದನ್ನು ಎತ್ತಿದ, ಹೆಬ್ಬೆರಳು ಅಂಚಿನ ಮೇಲೆ ಜಾರಿತು, ಎಲ್ಲಿಯೂ ತಡೆಯಲಿಲ್ಲ. ಇನ್ನೊಂದು, ಅದೂ ಹಾಗೆಯೇ. ಕಿಟಕಿಯ ಬೆಳಕಿಗೆ ಹಿಡಿದು ತಲೆ ಓರೆ ಮಾಡಿದ. ಅಂಚಿನಲ್ಲಿ ಪ್ಲಾಸ್ಟಿಕ್ಕು ಹೊಳೆಯಿತು. ಕೀಪರು ನಿಂತಿದ್ದದ್ದು ಮಧ್ಯದಲ್ಲಿ.

“ಹೇಗಿದೆ?”

“ಚೆನ್ನಾಗಿದೆ ಮಗಳೇ. ಗಟ್ಟಿ ಇದೆ. ಒಳ್ಳೇ ಬೀಗದ ಥರ ಕಚ್ಚಿಕೊಳ್ಳುತ್ತೆ.”

ಅವಳು ಸಮಾಧಾನದಿಂದ ಪೆಟ್ಟಿಗೆಯ ಹೊರಮೈಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು.

ಆಮೇಲೆ ಮಾವ ಅಂಗಡಿಗೆ ಹೋಗತೊಡಗಿದ, ಪೆಟ್ಟಿಗೆಯೂ ಜೊತೆಗೆ ಹೋಯಿತು. ಊಟದ ನಂತರ ಅದು ಅವನ ತೊಡೆಯ ಮೇಲಿರುತ್ತಿತ್ತು. ಮುಚ್ಚಳ ಮಾತ್ರ ತೆರೆಯುತ್ತಿರಲಿಲ್ಲ. ಡ್ರೈಕ್ಲೀನಿಂಗಿನವನು ಒಂದು ದಿನ ಅತ್ತೆಗೆ, “ಹಾಜರಿ ನಿಲ್ಲಿಸಿಬಿಟ್ಟಿದ್ದಾನಮ್ಮ. ಸುಮ್ನೆ ಪೆಟ್ಟಿಗೆ ಮೇಲೆ ಕೈ ಇಟ್ಕೊಂಡು ಕೂತಿರ್ತಾನೆ, ಬಸ್ಸಿಗೆ ಕಾಯೋನ ಹಾಗೆ,” ಅಂದ.

ಅತ್ತೆ ಮಾವನನ್ನು ಹಿಡಿದು ಕೇಳಿದಳು. ಅವನು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನಂತೆ ಒದ್ದಾಡಿದ.

“ಅವಳು ಎಷ್ಟು ಪ್ರೀತಿಯಿಂದ ಮಾಡಿದಾಳೆ...”

“ಅದು ನಂಗೂ ಗೊತ್ತು. ನೀವು ಹೇಳಿ.”

“ಎಲ್ಲಾರೂ ಬೊಚ್ಚಾಗಿಬಿಟ್ರು ಕಣೇ,” ಅಂದ ಮಾವ. “ಯಾರು ಯಾರು ಅಂತ ಗೊತ್ತಾಗ್ತಿಲ್ಲ. ಒಂಟಿಬೂಟು ಎಲ್ಲಿದಾನೋ, ಇದಾನೋ ಇಲ್ವೋ ಅದೂ ಗೊತ್ತಾಗ್ತಿಲ್ಲ. ಈ ಅಂಚಿನ ಬೆಳಕೂ ಹೋದ್ಮೇಲೆ ನನ್ನ ಹತ್ರ ಇರೋದು ಒಂದು ಪೆಟ್ಟಿಗೆ ಪ್ಲಾಸ್ಟಿಕ್ಕು.”

“ಬಿಚ್ಚಿ ತೆಗೀರಿ ಮತ್ತೆ.”

“ತೆಗೆದು ಮುಟ್ಟಿದ್ರೆ ನನ್ನ ಕೈಯಾರೆ ಸವೆಸಿಬಿಡ್ತೀನಿ. ಇನ್ಮೇಲೆ ಕಣ್ಣಿನ ಕೆಲಸವನ್ನೂ ಹೆಬ್ಬೆರಳೇ ಮಾಡಬೇಕಲ್ಲ, ಎರಡರಷ್ಟು ಉಜ್ಜುತ್ತೆ. ಮುಟ್ಟದೆ ಇಟ್ರೆ ಅವರು ಉಳೀತಾರೆ, ನನಗೆ ಇಲ್ಲ. ಮುಟ್ಟಿದ್ರೆ ನನಗಿರ್ತಾರೆ, ಅವರು ಉಳಿಯಲ್ಲ. ಇದಕ್ಕೆ ಯಾವ ಕೀಲಿ ಹಾಕೋದು?”

ಮೂರು ಬೀದಿಯಾಚೆ ಬೀಗ ಕೆಟ್ಟರೂ ಓಡಿಹೋಗುವ ಮನುಷ್ಯ ತನ್ನದೇ ಪೆಟ್ಟಿಗೆಯ ಮುಂದೆ ಹೀಗೆ ಹೊರಗುಳಿದಿದ್ದ.

ಅತ್ತೆಗೆ ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ. ಭಾನುವಾರ ಮಗಳು ಬಂದಾಗ ತಟ್ಟೆ ಇಡುವ ಮೊದಲೇ ವಿಷಯ ಇಟ್ಟಳು. ಸ್ಪಿರಿಟ್ಟಿನ ಮುಖ ಕೆಂಪಾಯಿತು.

“ನಂಗೆ ಯಾಕೆ ಹೇಳಲಿಲ್ಲಪ್ಪಾ?”

“ಏನಂತ ಹೇಳ್ಲಿ? ನೀನು ಅವರೆಲ್ಲರ ಮೇಲೂ ಕೇಸ್ ಹಾಕಿದ್ದೀಯ. ನಾನು ಯಾವ ಕೋರ್ಟಿಗೆ ಹೋಗಲಿ?”

“ಜೋಕ್ ಬೇಡ. ಇಷ್ಟು ದಿನ ಸುಮ್ನೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದೀಯ. ‘ಚೆನ್ನಾಗಿದೆ ಮಗಳೇ’ ಅಂತೆ! ರಿಪೋರ್ಟಲ್ಲಿ ಸುಳ್ಳು ಬರೆದ ಹಾಗಲ್ವಾ ಇದು?”

“ಗಟ್ಟಿ ಇದೆ ಅಂದಿದ್ದು ನಿಜಾನೇ ಅಲ್ವಾ?” ಎಂದು ಮಾವ ಸಣ್ಣ ದನಿಯಲ್ಲಿ ವಾದಿಸಿದ.

“ಎದ್ದೇಳು. ಬೇರೆ ಕೇಸ್ ತರೋಣ. ಈ ಸಲ ನೀನೇ ಆರಿಸು.”

ಕಾರು ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹಿಂದಿನ ಸೀಟಿನಲ್ಲಿ ಅಪ್ಪ, ಮಗಳು. ಪೆಟ್ಟಿಗೆ ಇಬ್ಬರ ನಡುವೆ ಮೂರನೆಯ ಪ್ರಯಾಣಿಕನಂತೆ ಕೂತಿತ್ತು.

ಕಾರ್ಡಿನಂಗಡಿಯವನು ಮೇಜಿನ ಮೇಲೆ ಒಂದು ಬಟ್ಟೆ ಹಾಸಿ, ಕೇಸುಗಳನ್ನು ಒಂದೊಂದಾಗಿ ಮಾವನ ಕೈಗೆ ಕೊಟ್ಟ. ಮೊದಲು ತೆಳುವಾದ ಮೆತ್ತನೆಯ ಲಕೋಟೆ.

“ಇದು ಒಳಂಗಿ ಇದ್ದ ಹಾಗೆ ಸಾರ್. ಗೀರು ಬೀಳೋದನ್ನ ತಪ್ಪಿಸುತ್ತೆ, ಬಾಗೋದನ್ನ ತಪ್ಪಿಸಲ್ಲ. ಹಳೇ ಥರದ್ದು ಕೆಲವು ಇವೆ, ಮೂಸಿದ್ರೆ ಘಾಟು ಬರುತ್ತೆ. ಅದು ಬೇಡ. ವರ್ಷ ಕಳೆದ ಹಾಗೆ ಕಾರ್ಡಿಗೇ ಅಂಟಿಕೊಳ್ಳುತ್ತೆ.”

ಮಾವ ಮೂಸಿ ನೋಡಿದ. ಬೆರಳುಗಳ ನಡುವೆ ಸರಸರ ಅನ್ನಿಸಿದ. “ಒಳಗಿನ ಮಡಿಕೆ ಗೊತ್ತಾಗುತ್ತೆ. ಆದ್ರೆ ನನ್ನ ಕೈಗೆ ಇದು ತಡೆಯಲ್ಲ.”

ಎರಡನೆಯದು ಮೇಲ್ಗಡೆ ಬಾಯಿ ತೆರೆದ ಗಟ್ಟಿ ಜೇಬು. “ಲಕೋಟೆ ಹಾಕಿ ಆಮೇಲೆ ಇದರೊಳಗೆ ಇಳಿಸಬೇಕು. ಬರೀ ಕಾರ್ಡನ್ನ ತುರುಕಿದ್ರೆ ಮೂಲೆ ಹೋಗುತ್ತೆ.” ಮಾವ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. “ಒಳಗೆ ಕುಣೀತಾನಲ್ಲ.”

ಮೂರನೆಯದು ನಾಲ್ಕು ಮೂಲೆಗೂ ತಿರುಪು ಹಾಕಿ ಬಿಗಿಯುವಂಥದ್ದು. ಲೋಹದ ತಿರುಪು ಕೈಗೆ ಸಿಕ್ಕಿದ್ದೇ ಮಾವನ ಮುಖ ಅರಳಿತು, ಮರುಕ್ಷಣ ಬಾಡಿತು. “ಬಿಗಿ ಜಾಸ್ತಿ ಆದ್ರೆ?”

“ಕಾರ್ಡು ಅಪ್ಪಚ್ಚಿ ಆಗುತ್ತೆ ಸಾರ್. ನಿಮ್ಮ ಟೀ ಕುಡಿದಿರೋ ಕಾರ್ಡಿಗಂತೂ ಆಗೋದೇ ಇಲ್ಲ.”

ಸ್ಪಿರಿಟ್ಟು ಲೆಕ್ಕ ಹಾಕುತ್ತಿದ್ದಳು. “ಒಬ್ಬೊಬ್ಬರಿಗೆ ಒಂದೊಂದು ಥರ ಹಾಕೋಣ. ಒಬ್ಬನಿಗೆ ತಿರುಪು, ಒಬ್ಬನಿಗೆ ಜೇಬು, ಒಬ್ಬನಿಗೆ ಅಯಸ್ಕಾಂತ...”

“ಕೇಸು ನಾಲ್ಕು ಜಾತಿ. ಕೀಪರ್ ಒಂದು ಡಬ್ಬದ ತುಂಬ,” ಅಂದ ಮಾವ. “ಊರಿಗೆಲ್ಲ ನಾಲ್ಕೇ ಥರ ಕೀಲಿ ಮಾಡಿಕೊಟ್ರೆ ನೆರೆಹೊರೆಯವರು ಒಬ್ಬರ ಮನೇಲಿ ಒಬ್ಬರು ಊಟ ಮಾಡ್ತಾರಷ್ಟೇ.”

ಯಾರಿಗೂ ನಗು ಬರಲಿಲ್ಲ. ಅಂಗಡಿಯವನು, ಮೊದಲು ಕೊಂಡ ಕೇಸುಗಳನ್ನು ವಾಪಸು ತೆಗೆದುಕೊಳ್ಳಬಲ್ಲೆ, ಬೇಕಾದರೆ ಕಾರ್ಡುಗಳನ್ನು ಮತ್ತೆ ಡಬ್ಬಕ್ಕೇ ಹಾಕಿಕೊಡುತ್ತೇನೆ ಎಂದ. ಆ ‘ಡಬ್ಬಕ್ಕೇ’ ಎಂಬ ಮಾತು ಅವನ ಬಾಯಿಂದ ಹಲ್ಲು ಕಿತ್ತ ಹಾಗೆ ಬಂತು. ಸ್ಪಿರಿಟ್ಟು ಗೋಡೆಯ ಕಡೆ ತಿರುಗಿ ನಿಂತಳು. ಮಾವ ತಾನು ತಂದ ಪೆಟ್ಟಿಗೆಯಿಂದ ಒಂದು ಕೇಸನ್ನು ಎತ್ತಿ, ಕೊಡುವ ಮುಂಚೆ, ಅಭ್ಯಾಸಬಲದಿಂದ ಅಂಚಿನ ಮೇಲೆ ಹೆಬ್ಬೆರಳು ಎಳೆದ. ಮತ್ತೊಮ್ಮೆ ಎಳೆದ. ಜೇಬಿನಿಂದ ತನ್ನ ಮನೆಯ ಕೀಲಿ ತೆಗೆದು, ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಇದು, ಎರಡನ್ನೂ ಸವರಿದ.

“ಈ ಅಂಚು ಎಷ್ಟು ದಪ್ಪ?”

“ಒಳ್ಳೇ ದಪ್ಪ ಸಾರ್. ಕಾರ್ಡಿಗೂ ಅಂಚಿಗೂ ನಡುವೆ ಸಾಕಷ್ಟು ಜಾಗ ಇದೆ.”

“ಅರ ಹಾಕಿ ಉಜ್ಜಿದ್ರೆ ಒಡೆಯುತ್ತಾ?”

ಅಂಗಡಿಯವನು ಎರಡನೆಯ ಸಲ ಎದೆ ಹಿಡಿದುಕೊಂಡ. “ಅರಾನಾ?”

“ಇದು ಬೊಚ್ಚು ಕಣಯ್ಯಾ. ಕೊರೆಯೋಕೆ ಮುಂಚಿನ ಕೀಲಿ. ಇಷ್ಟು ದಿನ ಹಿಡ್ಕೊಂಡು ಕೂತಿದ್ದೀನಿ, ಗೋಡೆ ತುಂಬ ಇಂಥವನ್ನೇ ತೂಗುಹಾಕಿರೋ ನನಗೆ ಗೊತ್ತಾಗಲಿಲ್ಲ!” ಮಾವ ಮಗಳು ನಿಂತಿದ್ದ ಕಡೆಗೆ ಕೈ ಚಾಚಿದ. “ಏ ಸ್ಪಿರಿಟ್ಟು, ವಾಪಸ್ ಕೊಡೋದು ಬೇಡ. ನೀನು ಆರಿಸಿದ್ದೇ ಸರಿ ಇದೆ. ನಾನು ಹಲ್ಲು ಕೊರೀಬೇಕಿತ್ತು ಅಷ್ಟೇ.”

ಅಂಗಡಿಯವನು ಸುಧಾರಿಸಿಕೊಂಡು ಎರಡು ಬುದ್ಧಿಮಾತು ಹೇಳಿದ: ಕಾರ್ಡು ಹೊರಗೆ ತೆಗೆದೇ ಕೊರೆಯಿರಿ, ಪುಡಿ ಒಳಗೆ ಹೋಗಬಾರದು, ಆಮೇಲೆ ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ, ಸ್ಪಿರಿಟ್ ಮಾತ್ರ ಬೇಡ, ಈ ಪ್ಲಾಸ್ಟಿಕ್ಕು ಸ್ಪಿರಿಟ್ಟಿಗೆ ಬಿರುಕು ಬಿಡುತ್ತದೆ.

“ಕೇಳಿಸಿಕೊಂಡ್ಯಾ? ನಿನ್ನ ಹೆಸರು ಕೇಳಿದ್ರೇ ಬಿರುಕು ಬಿಡುತ್ತಂತೆ,” ಅಂದ ಮಾವ. ಈ ಸಲ ಅವಳು ನಕ್ಕಳು, ಮೂಗೊರೆಸಿಕೊಂಡು.

ಮಾರನೆಯ ವಾರ ಬೀಗದಂಗಡಿಯಲ್ಲಿ ಗಿರಾಕಿಗಳು ಕಾಯಬೇಕಾಯಿತು. ಅಡ್ಡ ನಿಂತರೆ ಒಬ್ಬ ಹಿಡಿಸುವ ಜಾಗದಲ್ಲಿ ಮಾವ ಸ್ಟೂಲಿನ ಮೇಲೆ, ಮಗಳು ಮೆಟ್ಟಿಲ ಮೇಲೆ, ಅತ್ತೆ ಡ್ರೈಕ್ಲೀನಿಂಗಿನವನು ಕೊಟ್ಟ ಕುರ್ಚಿಯ ಮೇಲೆ. ನಾನು ಕೋಟುಗಳ ನಡುವೆ. ಸ್ಪಿರಿಟ್ಟು ಕೇಸು ಬಿಚ್ಚಿ ಕಾರ್ಡನ್ನು ಬಟ್ಟೆಯ ಮೇಲಿಡುವುದು, ಮಾವ ಖಾಲಿ ಕೇಸಿನ ಅಂಚಿಗೆ ಸಣ್ಣ ಅರದಿಂದ ಹಲ್ಲು ಮೂಡಿಸುವುದು, ಅವಳು ಪುಡಿ ಊದಿ ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಕಾರ್ಡು ಕೂರಿಸುವುದು. ಮೊದಲನೆಯ ಕೇಸು ಮಾವನ ಉತ್ಸಾಹಕ್ಕೆ ಚಟ್ಟನೆ ಸೀಳಿತು. “ಹಿತ್ತಾಳೆ ಅಲ್ಲಪ್ಪ ಅದು!” ಅಂದಳು ಮಗಳು. “ಆಯ್ತು ಮೇಡಂ,” ಅಂದ ಅಪ್ಪ, ಕೈ ಹಗುರ ಮಾಡಿಕೊಂಡು.

ಜಗಳ ಬಿದ್ದದ್ದು ಪದ್ಧತಿಯ ವಿಷಯಕ್ಕೆ. ಅವಳಿಗೆ ಕ್ರಮಸಂಖ್ಯೆ ಬೇಕು: ಒಂದಕ್ಕೆ ಒಂದು ಗೆರೆ, ಎರಡಕ್ಕೆ ಎರಡು. ಮಾವ ಒಪ್ಪಲಿಲ್ಲ.

“ಕೀಪರುಗಳೇನು ಜೈಲಿನಲ್ಲಿದ್ದಾರಾ ನಂಬರ್ ಹಾಕೋಕೆ? ಉದ್ದಣ್ಣನಿಗೆ ಮಧ್ಯದಲ್ಲಿ ಒಂದು ಆಳವಾದ ಕೊರೆತ, ಅವನ ಮಡಿಕೆ ಇರೋ ಕಡೆ. ಜಿಗಣೆಗೆ ಸಣ್ಣ ಸಣ್ಣ ಹಲ್ಲು ಒತ್ತೊತ್ತಾಗಿ. ಹಿಟ್ಟಿನ ಮೂಟೆಗೆ ಅಗಲವಾಗಿ ಒಂದು ಹಳ್ಳ.”

“ತೂತುಗೈಗೆ?”

“ಅವನ ಕೈ ಇರೋ ಮೂಲೇಲಿ ಒಂದು ತೂತು. ಮತ್ತೇನು?”

ಅವಳು ಒರೆಸುತ್ತಿದ್ದ ಕೇಸನ್ನು ಕೆಳಗಿಟ್ಟು, “ಗಾಯ ಎಲ್ಲಿದೆಯೋ ಅಲ್ಲೇ ಗುರುತು,” ಅಂದಳು, ಲ್ಯಾಬಿನ ನಿಯಮವೊಂದನ್ನು ತಿದ್ದುತ್ತಿರುವವಳಂತೆ.

ಪೆಟ್ಟಿಗೆ ಮುಗಿಯಿತು. ಮಾವ ಕೈ ಬಟ್ಟೆಗೆ ಒರೆಸಿಕೊಂಡು, ಯಾರ ಕಡೆಗೂ ತಿರುಗದೆ, “ಒಂಟಿಬೂಟು ಬರಲಿಲ್ಲ,” ಅಂದ.

ಸ್ಪಿರಿಟ್ಟು ಬ್ಯಾಗಿನ ಒಳಜೇಬಿನಿಂದ ಕವರು ತೆಗೆದಳು. “ಅದಕ್ಕೆ ಕೇಸ್ ತಂದಿಲ್ಲಪ್ಪ. ಅಂಗಡಿಯವನು ದಂಡ ಅಂದ. ಇಲಿ ತಿಂದದ್ದು ಅಲ್ವಾ, ಮೂಲೆ ತುಂಬಾ ಗಲೀಜಾಗಿದೆ.” ಅವಳು ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದಿದ್ದಳು.

ಅತ್ತೆ ಕುರ್ಚಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಇಲಿಯಂತೆ ಇಲಿ! ಆ ಇಲಿ ನೀನೇ ಕಣೇ! ಮೊದಲ ಹಲ್ಲು ಬರ್ತಾ ಇತ್ತು ನಿಂಗೆ. ಕಂಡದ್ದೆಲ್ಲ ಕಚ್ಚೋಳು. ಇವರ ತೊಡೆ ಮೇಲೆ ಕೂತು, ಕಾರ್ಡು ತೋರಿಸ್ತಾ ಇದ್ದ ಹಾಗೇ ಬೂಟು ನುಂಗಿಬಿಟ್ಟೆ. ನಾನು ಕಿತ್ಕೊಳ್ಳೋಕೆ ಹೋದ್ರೆ ಇವರು, ‘ಬಿಡೇ, ಹಲ್ಲು ನವೆ ಆಗ್ತಿರುತ್ತೆ, ಪಾಪ’ ಅಂದ್ರು. ಬೇರೆ ಯಾರಾದ್ರೂ ಆ ಡಬ್ಬ ಮುಟ್ಟಿದ್ರೆ ಕೈ ಮುರೀತಿದ್ರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ದೊಡ್ಡೋರು ಸುಮ್ನೆ ಹೇಳಿದಾರಾ?”

ಸ್ಪಿರಿಟ್ಟು ಕೈಯಲ್ಲಿದ್ದುದನ್ನು ನೋಡಿದಳು. ಎರಡು ಬೆರಳ ತುದಿಯಲ್ಲಿದ್ದದ್ದು ಮೆಲ್ಲಗೆ ಅಂಗೈಗೆ ಇಳಿಯಿತು.

“ಇಲಿ ಅಂತ ಯಾಕೆ ಹೇಳಿದೆ?”

“ನೀನು ಹೀಗೆ ಮುಖ ಮಾಡ್ತೀಯ ಅಂತ,” ಅಂದ ಮಾವ. ಅವಳ ಮುಖ ಅವನಿಗೆ ಕಾಣುವಂತಿರಲಿಲ್ಲ.

“ಇದಕ್ಕೂ ಒಂದು ಗಟ್ಟಿ ಕೇಸ್ ತರ್ಲಾ?”

“ಯಾಕೆ? ಅದಕ್ಕೆ ಹಲ್ಲು ನೀನೇ ಕೊರೆದಿದ್ದೀಯಲ್ಲ. ಆ ಕೆಲಸ ನನ್ನ ಅರದಿಂದ ಆಗಲ್ಲ.”

ಅವಳು ಮತ್ತೆ ಬ್ಯಾಗಿಗೆ ಕೈಹಾಕಿದಳು. ಕಾರ್ಡಿನಂಗಡಿಯವನು ಮಾದರಿಗೆಂದು ಕೊಟ್ಟಿದ್ದ ಮೆತ್ತನೆಯ ಲಕೋಟೆಗಳ ಕಟ್ಟನ್ನು ಬಿಚ್ಚಿ, ಒಂದನ್ನು ಆರಿಸಿ, ಮೂಸಿ ನೋಡಿ, ಅದರ ಬಾಯನ್ನು ಊದಿ ಅಗಲಿಸಿ, ಒಂಟಿಬೂಟನ್ನು ಮೇಲ್ಗಡೆಯಿಂದ ಇಳಿಸಿದಳು. ಕಚ್ಚಿದ ಮೂಲೆ ತೆಳುವಾದ ಪೊರೆಯ ಹಿಂದೆ ಹಾಗೇ ಉಬ್ಬಿ ನಿಂತಿತು.

“ಇದಕ್ಕೆ ಒಳಂಗಿ ಸಾಕು. ಹಲ್ಲು ಕೈಗೆ ಸಿಗಬೇಕಲ್ಲ.”

“ನನ್ನ ಕೈಗೆ ಅದು ತಡೆಯಲ್ಲ ಅಂದೆನಲ್ಲ. ಹರಿದುಹೋದ್ರೆ?”

“ಬದಲಾಯಿಸ್ತೀನಿ. ಎಷ್ಟು ಸಲ ಹರಿದ್ರೂ.”

ಮಾವ ತಲೆಯಾಡಿಸಿ ಕೈ ಚಾಚಿದ. ಅವಳು ಕೊಡಲಿಲ್ಲ, ಮೊದಲು ತಾನೇ ಕಣ್ಣು ಮುಚ್ಚಿಕೊಂಡು ಆ ಮೂಲೆಯ ಮೇಲೆ ಹೆಬ್ಬೆರಳು ಇಟ್ಟಳು. ಹೊರಗೆ ಒಬ್ಬ ಗಿರಾಕಿ ಬಂದು, ಮನೆಯ ಬಾಗಿಲು ಎಳೆದುಕೊಂಡುಬಿಟ್ಟಿದೆ, ದರಿದ್ರ ಬೀಗ ಎಂದು ರೇಗತೊಡಗಿದ. ಮಾವ ಅವನ ಕಿವಿಗಳ ಕಡೆ ನೋಡಿ, “ಒಂದು ನಿಮಿಷ ಸಾರ್,” ಅಂದ. ಮತ್ತೆ ಮಗಳ ಕಡೆ ಬಾಗಿ, “ಸ್ಪಿರಿಟ್ ಹಾಕಿ ಒರೆಸಬೇಡ ಅದನ್ನ,” ಅಂದ.

“ಹಾಕಲ್ಲಪ್ಪ,” ಅಂದಳು ಅವಳು, ಕಣ್ಣು ತೆರೆಯದೆ.